ಒಂದು ವಾರದ ಮಾತು: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ



ಸಾಂಕ್ರಾಮಿಕದ ಕಾಲದಲ್ಲಿ ಅಂಗಡಿ ಮುಚ್ಚಿಸುವ ಆದೇಶಕ್ಕೂ ಮುಚ್ಚಿದವನಿಗೆ ಸಲ್ಲಬೇಕಾದ ಪರಿಹಾರಕ್ಕೂ ಇರುವ ನಂಟು ಔಷಧಕ್ಕೂ ಪಥ್ಯಕ್ಕೂ ಇರುವಂಥದು. ಒಂದನ್ನು ಬಿಟ್ಟರೆ ಇನ್ನೊಂದು ಹಿಡಿಯುವುದಿಲ್ಲ. 2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. 2.30 ಲಕ್ಷ ಕ್ಷೌರಿಕರಿಗೆ, 60 ಸಾವಿರ ಅಗಸರಿಗೆ ತಲಾ 5,000 ರೂಪಾಯಿ ಎಂದು ಅದರಲ್ಲಿತ್ತು. ಜಿಲ್ಲೆಯ ಒಂದು ಹೋಬಳಿಯ ಕ್ಷೌರಿಕರಿಗೆ ಆ ಹಣ ಬರಲೇ ಇಲ್ಲ. ಅದನ್ನು ಪಡೆಯಲು ಬೇಕಾದ ಉದ್ಯೋಗ ದೃಢೀಕರಣ ಪತ್ರ ಒಂದು ವಾರದಲ್ಲಿ ಕೈಸೇರುತ್ತದೆ ಎಂದು ಮಾನ್ಯ ಜಿಲ್ಲಾಧಿಕಾರಿಗಳು ತಮ್ಮ ಕೊಠಡಿಯಲ್ಲೇ ಅವರಿಗೆ ಮಾತು ಕೊಟ್ಟಿದ್ದರು. ವರ್ಷ ಕಳೆಯಿತು. ಮನವಿ ಕೊಟ್ಟು, ನೆನಪೋಲೆ ಬರೆದು, ನಾಡ ಕಚೇರಿಗೆ ನಡೆದು ನಡೆದು ಸಾಕಾದ ಮೇಲೆ ಇದು ಬಹಿರಂಗ ಪತ್ರವಾಗಿದೆ.

ಕ್ಷೌರದಂಗಡಿಗಳನ್ನು ಮುಚ್ಚಿಸಿದ್ದು ಸರಿಯೇ. ದೇಶದಲ್ಲಿ ಕೊರೊನಾದಿಂದ ಸಂಭವಿಸಿದ ಮೊದಲ ಸಾವು ಕಲಬುರಗಿಯದೆಂದು 2020ರ ಮಾರ್ಚ್ 12ರಂದು ದೃಢಪಟ್ಟಿತು. ಉಸಿರಿನಿಂದ ಹರಡುವ ರೋಗಕ್ಕೆ ಕ್ಷೌರದಂಗಡಿಗಿಂತ ಅನುಕೂಲವಾದ ಜಾಗ ಕಡಿಮೆ. ಚಿಕ್ಕ ಕೋಣೆ, ಕಾಯುವವರ ಬೆಂಚು, ಗಡ್ಡ ಹೆರೆಯುವಾಗ ಮಾಸ್ಕ್ ತೆಗೆಯಲೇಬೇಕಾದ ಗಿರಾಕಿ, ಅವನ ಮುಖಕ್ಕೆ ಒಂದು ಗೇಣು ದೂರದಲ್ಲಿ ಕಾಲು ಗಂಟೆ ಬಗ್ಗಿ ನಿಲ್ಲುವ ಕ್ಷೌರಿಕ. ದಿನವಿಡೀ ಬಂದವರೆಲ್ಲರ ಉಸಿರನ್ನು ಎದುರಿಸುವವನು ಅವನೇ ಆದ್ದರಿಂದ ಅಪಾಯದಲ್ಲಿ ದೊಡ್ಡ ಪಾಲೂ ಅವನದೇ. ಮಂಗಳವಾರದ ರಜೆ ಬಿಟ್ಟರೆ ಬಾಗಿಲು ಹಾಕಿ ಅಭ್ಯಾಸವಿಲ್ಲದ ಕಸುಬಿನವರು ಮಾರ್ಚ್ 25ರಿಂದ ಮೇ 19ರವರೆಗೆ ಎಂಟು ವಾರ ಬಾಗಿಲು ಹಾಕಿದರು. ಇದಕ್ಕೆ ಆ ಹೋಬಳಿಯಲ್ಲಿ ಯಾರೂ ತಕರಾರು ತೆಗೆದಿರಲಿಲ್ಲ.

ಬಾಗಿಲು ತೆರೆದ ಕೂಡಲೇ ವ್ಯಾಪಾರ ಚೇತರಿಸಿಕೊಳ್ಳುತ್ತದೆ ಎಂಬ ನಂಬಿಕೆ ಆಗ ಎಲ್ಲೆಡೆ ಇತ್ತು. ಮೇ 19ರ ನಂತರ ಕುರ್ಚಿಗಳು ಖಾಲಿ ಬಿದ್ದಿದ್ದನ್ನು ಕಂಡವರಿಗೆ ಆ ನಂಬಿಕೆ ಉಳಿಯಲಿಲ್ಲ. ಜನ ಮನೆಯಲ್ಲೇ ಟ್ರಿಮ್ಮರ್ ಹಿಡಿದಿದ್ದರು. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಆಸ್ಟನ್ ಗೂಲ್ಸ್‌ಬಿ ಮತ್ತು ಚಾಡ್ ಸೈವರ್ಸನ್ ಮೊಬೈಲ್ ಫೋನುಗಳ ಓಡಾಟದ ದಾಖಲೆಯನ್ನು ಪರಿಶೀಲಿಸಿ ಕಂಡುಕೊಂಡದ್ದೂ ಇದೇ. 2020ರ ವಸಂತದಲ್ಲಿ ಅಲ್ಲಿನ ಅಂಗಡಿಗಳಿಗೆ ಬರುವ ಗಿರಾಕಿಗಳ ಸಂಖ್ಯೆ 60%ರಷ್ಟು ಕುಸಿದಿತ್ತು. ಸರ್ಕಾರದ ನಿರ್ಬಂಧಗಳಿಂದಾದ ಕುಸಿತ ಅದರಲ್ಲಿ 7 ಶೇಕಡಾ ಅಂಶ ಮಾತ್ರ, ಮಿಕ್ಕದ್ದರ ಬಹುಪಾಲು ಜನರ ಭಯದ ಫಲ. ಭಾರತದಲ್ಲಿ ಆ ವರ್ಷದ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಒಟ್ಟು ದೇಶೀಯ ಉತ್ಪನ್ನ ಸುಮಾರು 24% ಇಳಿಯಿತು. ರೋಗ ಇಳಿಯದೆ ಗಿರಾಕಿ ಬರುವುದಿಲ್ಲ, ಗಿರಾಕಿ ಬಾರದೆ ವ್ಯಾಪಾರ ಏಳುವುದಿಲ್ಲ. ಆರೋಗ್ಯವೋ ಆರ್ಥಿಕತೆಯೋ ಎಂದು ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ತೂಗುವುದರಲ್ಲಿಯೇ ತಪ್ಪಿದೆ.

ಪರಿಹಾರದ ಹಣಕ್ಕೆ ಇಲ್ಲಿ ದೊಡ್ಡ ಕೆಲಸವಿದೆ. ಕೈಯಲ್ಲಿ ಕಾಸಿಲ್ಲದ ಕ್ಷೌರಿಕ ಮುಂಬಾಗಿಲು ಹಾಕಿ ಹಿತ್ತಿಲಲ್ಲಿ ಕುರ್ಚಿ ಹಾಕುತ್ತಾನೆ, ಕರೆದವರ ಮನೆಗೆ ಹೋಗಿ ಕತ್ತರಿ ಹಿಡಿಯುತ್ತಾನೆ. ಜ್ವರ ಬಂದರೂ ಪರೀಕ್ಷೆಗೆ ಹೋಗುವುದಿಲ್ಲ, ಸೋಂಕು ಖಚಿತವಾದರೆ ಇನ್ನೆರಡು ವಾರದ ಕೂಲಿಯೂ ಹೋಗುತ್ತದೆ. 5,000 ರೂಪಾಯಿ ಎಂಟು ವಾರಕ್ಕೆ ಸಾಲುವ ಹಣವಲ್ಲ. ಆದರೂ ಬಾಡಿಗೆಯ ಒಂದು ಪಾಲು, ರೇಷನ್ ಅಕ್ಕಿಯ ಜೊತೆಗೆ ಬೇಕಾದ ಬೇಳೆ ಎಣ್ಣೆ ಅದರಿಂದ ಸಾಗುತ್ತದೆ, ಮನೆಯಲ್ಲಿ ಉಳಿಯುವ ಧೈರ್ಯ ಬರುತ್ತದೆ. ಅದಕ್ಕೇ ಈ ಹಣವನ್ನು ಭಿಕ್ಷೆಯ ಲೆಕ್ಕಕ್ಕೆ ಸೇರಿಸದೆ, ಮಾಸ್ಕ್, ಸ್ಯಾನಿಟೈಸರ್‌ಗಳ ಸಾಲಿನಲ್ಲಿ ರೋಗ ತಡೆಯುವ ಸಾಧನವೆಂದು ಎಣಿಸಬೇಕು. ತಡವಾಗಿ ಬಂದರೆ ಆ ಗುಣ ಅದಕ್ಕಿರುವುದಿಲ್ಲ.

ಹಣ ಪಡೆಯಲು ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಿತ್ತು, ಜೊತೆಗೆ ಉದ್ಯೋಗ ದೃಢೀಕರಣ ಪತ್ರ ಲಗತ್ತಿಸಬೇಕಿತ್ತು. ಪೇಟೆಯಲ್ಲಿ ಬೋರ್ಡು ಹಾಕಿದ ಸಲೂನಿನವರಿಗೆ ಪರವಾನಗಿಯ ಕಾಗದವಾದರೂ ಇರುತ್ತದೆ. ಹಳ್ಳಿಯ ಕ್ಷೌರಿಕನ ಕಥೆ ಬೇರೆ. ಅವನ ಅಂಗಡಿ ಅರಳಿಕಟ್ಟೆ ಅಥವಾ ಗಿರಾಕಿಯ ಮನೆಯ ಜಗಲಿ, ಅವನ ಬಂಡವಾಳ ಹೆಗಲಿಗೆ ತೂಗುವ ಹಡಪ. ಕೆಲವು ಮನೆಗಳಿಂದ ಈಗಲೂ ಸುಗ್ಗಿಯಲ್ಲಿ ಆಯವೆಂದು ರಾಗಿಯೋ ಜೋಳವೋ ಬರುತ್ತದೆ. ಇದಕ್ಕೆ ರಸೀದಿ ಇಲ್ಲ. ಇಡೀ ಊರಿನ ತಲೆಗಳು ಅವನ ಕಸುಬಿಗೆ ಸಾಕ್ಷಿ, ಕಾಗದದಲ್ಲಿ ಮಾತ್ರ ಒಂದಕ್ಷರವೂ ಇಲ್ಲ. ಇಂಥವರಿಗೆ ದೃಢೀಕರಣ ಪತ್ರವೊಂದೇ ದಾರಿ. ಮೇಲಿನಿಂದ ಆದೇಶ ಬಂದಿಲ್ಲ ಎಂದು ಗ್ರಾಮ ಲೆಕ್ಕಿಗರು ಹೇಳಿದರು. ಅದು ಕಾರ್ಮಿಕ ಇಲಾಖೆಯ ಕೆಲಸವೆಂದು ಪಂಚಾಯಿತಿಯವರು ಕಳಿಸಿದರು, ಕಾರ್ಮಿಕ ಇಲಾಖೆಯವರು ತಹಸೀಲ್ದಾರರ ಕಡೆ ಕೈ ತೋರಿಸಿದರು. ಈ ಸುತ್ತಾಟ ನಿಲ್ಲಲಿ ಎಂದೇ ಅವರು ಜಿಲ್ಲಾಧಿಕಾರಿಗಳ ಕೊಠಡಿಗೆ ಹೋದದ್ದು. ‘ಒಂದು ವಾರ’ ಎಂಬ ಮಾತು ಅಲ್ಲಿ ಬಂದದ್ದು. ಆ ಮಾತನ್ನು ನಂಬಿ ಕೆಲವರು ಅಂಗಡಿ ಮಾಲೀಕರಿಗೆ ತಾವೂ ವಾಯಿದೆ ಹೇಳಿದರು. ಪತ್ರ ಬರುವ ಮೊದಲೇ ಅರ್ಜಿಯ ಗಡುವು ಮುಗಿಯಿತು. ವಾಯಿದೆ ತಪ್ಪಿದವರೆಂಬ ಹೆಸರು ಜಿಲ್ಲಾಧಿಕಾರಿಗೆ ಬರಲಿಲ್ಲ, ಕ್ಷೌರಿಕರಿಗೆ ಬಂತು.

ಎರಡನೇ ಅಲೆಯಲ್ಲಿ ಇದೇ ಮರುಕಳಿಸಿತು. 2021ರ ಏಪ್ರಿಲ್ 27ರ ರಾತ್ರಿಯಿಂದ ನಿರ್ಬಂಧ, ಮೇ 10ರಿಂದ ಪೂರ್ಣ ಲಾಕ್‌ಡೌನ್. ಪರಿಹಾರದ ಘೋಷಣೆ ಬಂದದ್ದು ಮೇ 19ಕ್ಕೆ, ಬಾಗಿಲು ಹಾಕಿ 22 ದಿನವಾದ ಮೇಲೆ. ಈ ಬಾರಿ ಪ್ಯಾಕೇಜ್ 1,250 ಕೋಟಿ, ಕ್ಷೌರಿಕರಿಗೆ 2,000 ರೂಪಾಯಿ. ಹಿಂದಿನ ವರ್ಷ ಕ್ಷೌರಿಕರು, ಅಗಸರು ಎರಡೇ ಕಸುಬು ಸೇರಿ 2.90 ಲಕ್ಷ ಜನ ಎಂದು ಲೆಕ್ಕ ಕೊಟ್ಟಿದ್ದ ಸರ್ಕಾರ, 2021ರಲ್ಲಿ ದರ್ಜಿ, ಹಮಾಲಿ, ಕುಂಬಾರ, ಮೆಕ್ಯಾನಿಕ್, ಮನೆಗೆಲಸದವರು ಎಲ್ಲರನ್ನೂ ಸೇರಿಸಿ ಹೇಳಿದ್ದು ಸುಮಾರು 3.04 ಲಕ್ಷ. ಆಟೋ-ಟ್ಯಾಕ್ಸಿ ಚಾಲಕರ ಸಂಖ್ಯೆ 7.75 ಲಕ್ಷದಿಂದ 2.10 ಲಕ್ಷಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಇಷ್ಟೊಂದು ಜನ ಕಸುಬು ಬಿಟ್ಟಿಲ್ಲ. ಲೆಕ್ಕದಿಂದ ಅವರನ್ನು ಬಿಡಲಾಗಿದೆ. ಕಾಗದ ಒದಗಿಸಲಾಗದವರು ಸರ್ಕಾರದ ಕಣ್ಣಿಗೆ ಇಲ್ಲದವರಾದರು. ಆ ಕಾಗದ ಕೊಡಬೇಕಾಗಿದ್ದದ್ದು ಕಚೇರಿ.

ಮುಚ್ಚುವ ಆದೇಶ ಆ ಹೋಬಳಿಯ ಕೊನೆಯ ಹಳ್ಳಿಗೆ ಮುಟ್ಟಲು ಒಂದು ದಿನವೂ ಹಿಡಿಯಲಿಲ್ಲ. ಆಟೋಗೆ ಮೈಕು ಕಟ್ಟಿ ಸಾರಿದರು, ಪೊಲೀಸರು ಲಾಠಿ ಹಿಡಿದು ಬಂದರು. ಆಗ ಯಾರ ಕಸುಬಿಗೂ ದೃಢೀಕರಣ ಕೇಳಲಿಲ್ಲ, ಅರಳಿಕಟ್ಟೆಯ ಕ್ಷೌರಿಕನೂ ಕ್ಷೌರಿಕನೇ ಎಂದು ಆಡಳಿತಕ್ಕೆ ಚೆನ್ನಾಗಿ ತಿಳಿದಿತ್ತು. ಹಣ ಕೊಡುವ ಹೊತ್ತಿಗೆ ಮಾತ್ರ ಅವನು ಯಾರೆಂಬ ಸಂಶಯ ಹುಟ್ಟಿತು. ದುಡಿಯುವವರನ್ನು ಹೀಗೆ ಕಾಣುವುದು ಒಂದು ಕಚೇರಿಯ ರೋಗವೂ ಅಲ್ಲ. 2020ರ ಪ್ಯಾಕೇಜ್ ಘೋಷಣೆಯ ಹಿಂದಿನ ದಿನವೇ ವಲಸೆ ಕಾರ್ಮಿಕರ ಶ್ರಮಿಕ್ ರೈಲುಗಳನ್ನು ರಾಜ್ಯ ರದ್ದು ಮಾಡಿತ್ತು. ಕಟ್ಟಡ ಕೆಲಸಕ್ಕೆ ಆಳು ಬೇಕೆಂಬುದು ಆಗಿನ ಚಿಂತೆ, ಊರಿಗೆ ಹೋಗಬೇಕೆಂದವರ ಚಿಂತೆ ಅಲ್ಲಿರಲಿಲ್ಲ. ತೀವ್ರ ಟೀಕೆ ಬಂದ ಮೇಲೆ ಆ ನಿರ್ಧಾರ ಬದಲಾಯಿತು. ಬ್ಯಾಂಕ್ ಸಾಲಗಳ ಕಂತಿಗೆ ರಿಸರ್ವ್ ಬ್ಯಾಂಕ್ 2020ರ ಆಗಸ್ಟ್ ಅಂತ್ಯದವರೆಗೆ ಬಿಡುವು ಕೊಟ್ಟಿತು. ಮೀಟರ್ ಬಡ್ಡಿಗೆ ಕೈಗಡ ತಂದವನಿಗೆ ಯಾವ ಬಿಡುವು? ಎರಡನೇ ಅಲೆಯಲ್ಲಿ ಎಲ್ಲರಿಗೂ ಅನ್ವಯಿಸುವ ಆ ಬಿಡುವೂ ಇರಲಿಲ್ಲ.

ಮತ್ತೊಂದು ಅಲೆ ಬಂದರೆ ಮತ್ತೆ ಮುಚ್ಚಬೇಕಾಗಬಹುದು. ಆಗ ಈ ಜನ ಆದೇಶವನ್ನು ಹೇಗೆ ಕೇಳುತ್ತಾರೆ ಎಂಬುದು ಆ ಒಂದು ವಾರದ ಮಾತಿನ ಮೇಲೆ ನಿಂತಿದೆ. ಪರಿಹಾರದ ಆದೇಶ ಮುಚ್ಚುವ ಆದೇಶದ ದಿನವೇ ಹೊರಬೀಳಬೇಕು. ಕಸುಬಿನ ದೃಢೀಕರಣವನ್ನು ಗ್ರಾಮ ಪಂಚಾಯಿತಿ ಈಗಲೇ, ಅಂಗಡಿಗಳು ತೆರೆದಿರುವಾಗಲೇ, ಊರಿನವರ ಎದುರು ಮಾಡಿ ಪಟ್ಟಿಯನ್ನು ಗೋಡೆಗೆ ಅಂಟಿಸಬೇಕು. ಕಚೇರಿಯ ತಪ್ಪಿನಿಂದ ಗಡುವು ಮೀರಿದ ಅರ್ಜಿಗಳನ್ನು ಮತ್ತೆ ಸ್ವೀಕರಿಸಿ 2020ರ 5,000, 2021ರ 2,000 ಎರಡನ್ನೂ ಪಾವತಿಸಬೇಕು. ತಡವಾದದ್ದು ಯಾರ ಮೇಜಿನಲ್ಲಿ ಎಂಬುದನ್ನು ಜಿಲ್ಲಾಧಿಕಾರಿ ಲಿಖಿತವಾಗಿ ತಿಳಿಸಬೇಕು.

ಮಂಗಳವಾರ ಕ್ಷೌರದಂಗಡಿಗಳಿಗೆ ರಜೆ. ಮುಂದಿನ ಮಂಗಳವಾರ ಬೆಳಿಗ್ಗೆ ಹೋಬಳಿಯ ಕ್ಷೌರಿಕರು ಮನವಿಗಳ ಸ್ವೀಕೃತಿ ಚೀಟಿಗಳೊಂದಿಗೆ ಜಿಲ್ಲಾಧಿಕಾರಿ ಕಚೇರಿಗೆ ಬರುತ್ತಾರೆ. ದೃಢೀಕರಣ ಪತ್ರಗಳು ಅಂದು ಸಿದ್ಧವಿರಬೇಕು.