ದೋಣಿ ಹತ್ತುವ ಮುನ್ನ

ಸೋದರಿಯರೇ, ಹೊನ್ನಾಳಿಯವರಿಗೆ ತುಂಗಭದ್ರೆ ಇದೆ, ಚನ್ನಗಿರಿಯವರಿಗೆ ಸೂಳೆಕೆರೆ ಇದೆ. ನ್ಯಾಮತಿ, ಜಗಳೂರಿನ ನಮಗೆ ಹಡಗಿನ ಮಾತೇಕೆ ಎಂದು ನಗಬೇಡಿ. ದುಡಿಯುವ ಮಕ್ಕಳು ಈಗ ಅಪ್ಪ-ಅಮ್ಮನಿಗೆ ಮುಂಬೈಯಿಂದ ಗೋವಾಕ್ಕೆ ಹೋಗುವ ಪ್ರವಾಸಿ ಹಡಗಿನ ಟಿಕೆಟ್ಟನ್ನೇ ತೆಗೆಸಿಕೊಡುತ್ತಾರೆ. ಅದಿಲ್ಲವೆಂದರೂ ಕಾರವಾರ, ಮುರ್ಡೇಶ್ವರಕ್ಕೆ ಹೋದಾಗ ಮಕ್ಕಳು ದೋಣಿ ಹತ್ತೋಣವೆಂದು ಹಟ ಹಿಡಿಯುವುದಿಲ್ಲವೇ?

1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿ ಸುಮಾರು 2,200 ಜನರಿದ್ದರು. ಜೀವರಕ್ಷಕ ದೋಣಿಗಳಲ್ಲಿ 1,178 ಜನರಿಗಷ್ಟೇ ಜಾಗ. ಆ ಮೇಲೆ 1914ರಲ್ಲಿ ದೇಶದೇಶಗಳು ಸೇರಿ ಹಡಗಿನ ಸುರಕ್ಷತೆಗೆ ಕಾಯಿದೆ ಮಾಡಿದವು. 2012ರ ಜನವರಿ 13ರಂದು ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಆ ಸಂಜೆ ಹತ್ತಿದ ನೂರಾರು ಜನರಿಗೆ ಅಪಾಯದಲ್ಲಿ ಎಲ್ಲಿ ಸೇರಬೇಕೆಂಬ ತಾಲೀಮೇ ಆಗಿರಲಿಲ್ಲ. 2015ರಿಂದ ಈ ತಾಲೀಮು ಹಡಗು ಹೊರಡುವ ಮುನ್ನ ಇಲ್ಲವೇ ಹೊರಟ ತಕ್ಷಣ ಆಗಲೇಬೇಕು. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಸೀಟಿ ಕೂಗಿದರೆ ಅಪಾಯ ಎಂದರ್ಥ. ಊಟದ ಹಾಲು ನೋಡುವ ಮೊದಲು ಸೇರುವ ಜಾಗ ನೋಡಿಕೊಳ್ಳಿ.

ದೊಡ್ಡ ಹಡಗಿನಲ್ಲಿ ಹೇಳಿಕೊಡುವವರಿರುತ್ತಾರೆ. ಸಣ್ಣ ದೋಣಿಯಲ್ಲಿ ನಾವೇ ಬಾಯಿಬಿಟ್ಟು ಕೇಳಬೇಕು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ, ಮಕ್ಕಳೂ ಸೇರಿ 16 ಜನ ಸತ್ತರು. ಮಿತಿ ಮೀರಿ ಜನ ಹತ್ತಿದ್ದರು, ಲೈಫ್ ಜಾಕೆಟ್ ತೊಟ್ಟಿರಲಿಲ್ಲ ಎಂದು ಆಗ ವರದಿಯಾಯಿತು. ದೇವರ ದರ್ಶನ ಮುಗಿಸಿ ಮನೆಗೆ ಹೊರಟವರು! ನೆನೆದರೆ ಹೊಟ್ಟೆ ಚುರ್ರೆನ್ನುತ್ತದೆ.

ಆದ್ದರಿಂದ ಇಷ್ಟು ನೆನಪಿಡಿ:

* ಎಷ್ಟು ಜನರ ದೋಣಿ ಎಂದು ಕೇಳಿ. ತುಂಬಿದ್ದರೆ ಮುಂದಿನದಕ್ಕೆ ಕಾಯಿರಿ.
* ಜಾಕೆಟ್ ಕೈಯಲ್ಲಿ ಹಿಡಿದರೆ ಸಾಲದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಜಾಕೆಟ್ ತೊಟ್ಟು ಪಟ್ಟಿ ಬಿಗಿಯಿರಿ.
* ಮಗುವಿಗೆ ಮಕ್ಕಳ ಅಳತೆಯದೇ ಬೇಕು. ಹೆಗಲ ಬಳಿ ಹಿಡಿದು ಮೇಲಕ್ಕೆತ್ತಿ ನೋಡಿ. ಗಲ್ಲ ದಾಟಿ ಬಂದರೆ ಸಡಿಲ.
* ಫೋಟೋ ಆಸೆಗೆ ಎಲ್ಲರೂ ಒಂದೇ ಬದಿಗೆ ಹೋಗಬೇಡಿ.

ಸೀರೆಯ ಮೇಲೆ ಚೆಂದ ಕಾಣುವುದಿಲ್ಲ, ಕೇಳಿದರೆ ಯಾರೇನು ಅಂದಾರೋ ಎಂಬ ಸಂಕೋಚ ಬೇಡ. ರಾತ್ರಿ ಮಲಗುವಾಗ ಗ್ಯಾಸಿನ ರೆಗ್ಯುಲೇಟರ್ ಮುಚ್ಚುವುದಕ್ಕೆ ಯಾರ ಅಪ್ಪಣೆ ಕೇಳುತ್ತೇವೆ? ಇದೂ ಹಾಗೆಯೇ. ಜಾಕೆಟ್ ಇಲ್ಲವೆಂದರೆ, ದುಡ್ಡು ಕೊಟ್ಟಾಗಿದ್ದರೂ ಸರಿ, ಮಕ್ಕಳ ಕೈ ಹಿಡಿದು ದಡದಲ್ಲೇ ನಿಲ್ಲಿ. ಏನಂತೀರಿ?