ಹೂಮಳೆಗೆ ಸರಾಸರಿ ಸಾಲದು

ಕೊಡಗಿನ ಕಾಫಿ ತೋಟಗಳಲ್ಲಿ ಫೆಬ್ರವರಿ, ಮಾರ್ಚ್ ಅಂದ್ರೆ ಹೂಮಳೆಗೆ ಕಾಯೋ ಕಾಲ. ಸುಮಾರು ಒಂದು ಇಂಚು ಬಿದ್ದರೆ ವಾರ, ಹತ್ತು ದಿನದಲ್ಲಿ ರೊಬಸ್ಟಾ ಬೆಳ್ಳಗೆ ಅರಳುತ್ತೆ. ತೀರಾ ಕಡಿಮೆ ಬಿದ್ದರೆ ಹೂ ಅರೆಬರೆ. ಆಗ ಸ್ಪ್ರಿಂಕ್ಲರ್ ಹಾಕಬೇಕು, ಡೀಸೆಲ್ ಸುಡಬೇಕು, ಕೆರೆ ಬರಿದಾಗುತ್ತೆ.

ಮುಂಗಾರನ್ನು ಸ್ವಲ್ಪ ಊಹಿಸಬಹುದು: ಭಾಗಮಂಡಲದ ಕಡೆ ಜಾಸ್ತಿ, ಕುಶಾಲನಗರದ ಕಡೆ ಕಮ್ಮಿ. ಬೇಸಿಗೆ ಮಳೆ ಹಾಗಲ್ಲ. ಬಿಸಿಲಿಗೆ ನೆಲ ಕಾದು, ತೇವದ ಗಾಳಿ ಮೇಲೇರಿ, ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಗುಡುಗಿ ಸ್ವಲ್ಪ ಹೊತ್ತು ಜೋರಾಗಿ ಸುರಿದು ನಿಲ್ಲುತ್ತೆ. ಸಿದ್ದಾಪುರದಲ್ಲಿ ಸುರಿದರೆ ಪಾಲಿಬೆಟ್ಟದಲ್ಲೂ ಸುರಿಯಬೇಕು ಅಂತೇನಿಲ್ಲ. ಬೆಳಗ್ಗೆ 8:30ಕ್ಕೆ ಅಳೆದ 24 ಗಂಟೆಯ ಮೊತ್ತದಲ್ಲಿ ಹೊತ್ತು ಕಾಣಲ್ಲ. ಜಿಲ್ಲೆಯ ಸರಾಸರಿಯಲ್ಲಿ ಜಾಗ ಕಾಣಲ್ಲ.

ತೋಟದವರು ಮಾತ್ರ ಇಂಚು, ಸೆಂಟುಗಳಲ್ಲಿ ಮಳೆ ಲೆಕ್ಕ ಬರೆದಿಡುತ್ತಾರೆ. ಆ ಪುಸ್ತಕಗಳೇ ನಮಗೆ ಬೇಕಾದ ಡೇಟಾ ಅನ್ನೋದು ನಮ್ಮ ಅಭಿಪ್ರಾಯ. ಅವನ್ನು ಸ್ಕ್ಯಾನ್ ಮಾಡಿ ಮ್ಯಾಪ್‌ಗೆ ಹಾಕೋಣ. ಜೊತೆಗೆ ಮಳೆ ಬಿದ್ದ ಹೊತ್ತನ್ನೂ ದಾಖಲಿಸುವ ಅಗ್ಗದ ಮಳೆಮಾಪಕ ಕಟ್ಟೋಣ. ಈ ಸಲದ ಮಿನಿ ಪ್ರಾಜೆಕ್ಟ್‌ಗೆ ಇನ್ನೊಂದು ಲೈನ್ ಫಾಲೋವರ್ ರೋಬೋ ಬೇಡ. ಮೆಕ್ಯಾನಿಕಲ್‌ನವರು ಬಕೆಟ್ ಮಾಡಲಿ, ಇ ಅಂಡ್ ಸಿಯವರು ಸರ್ಕ್ಯೂಟ್, ಸಿಎಸ್‌ನವರು ಮ್ಯಾಪ್. ಮುಂದಿನ ಹೂಮಳೆಯೊಳಗೆ ಒಂದಾದ್ರೂ ತೋಟದಲ್ಲಿ ಅದು ನಿಂತಿರಲಿ.