ಕೆಂಗೇರಿಯಲ್ಲಿ ಮನೆ ಮಾಡಬಹುದೇ?



ಹಳ್ಳಿಯಿಂದ ಬಂದ ಹುಡುಗರು, ಹೊಸದಾಗಿ ನೌಕರಿ ಹಿಡಿದ ಅಕ್ಕಂದಿರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ‘ಬೆಂಗಳೂರೊಳಗೆ ಬಾಡಿಗೆ ಕಟ್ಟೋಕಾಗ್ತಿಲ್ಲ. ಕೆಂಗೇರಿ ಕಡೆ ಹೋಗೋಣ ಅಂತಿದೀವಿ. ವಾಸಕ್ಕೆ ಒಳ್ಳೇ ಜಾಗವಾ?’ ಇದು ಸಂಸಾರಸ್ಥರ ಸಣ್ಣ ಪ್ರಶ್ನೆ, ಚಳವಳಿಗೆ ಇದರಲ್ಲೇನು ಕೆಲಸ ಎಂದು ನಾವು ತಳ್ಳಿಹಾಕುವುದಿಲ್ಲ. ಭೂಮಿಯ ಬಗ್ಗೆ, ಕೂಲಿಯ ಬಗ್ಗೆ ಬರೆದಷ್ಟೇ ಗಟ್ಟಿಯಾಗಿ ಬಾಡಿಗೆ ಮನೆಯ ಬಗ್ಗೆಯೂ ಬರೆಯಬೇಕಾಗಿದೆ. ತಲೆ ಮೇಲೆ ಸೂರಿಲ್ಲದವನು ಯಾವ ಸಭೆಗೆ ಬಂದಾನು?

ಎಲ್ಲರೂ ನೋಡುವುದನ್ನು ಮೊದಲು ನಾವೂ ನೋಡೋಣ. 2007ರವರೆಗೆ ಕೆಂಗೇರಿಗೆ ತನ್ನದೇ ಪುರಸಭೆ ಇತ್ತು. ಆ ವರ್ಷ ಅದು ಬೃಹತ್ ಬೆಂಗಳೂರಿನ ಹೊಟ್ಟೆ ಸೇರಿತು. ಬಿಡಿಎ ಉಪನಗರ ಇದೆ, ಮೈಸೂರು ರಸ್ತೆ ಇದೆ, ರೈಲು ನಿಲ್ದಾಣ ಇದೆ, ಓದುವವರಿಗೆ ಜ್ಞಾನಭಾರತಿ ಹತ್ತಿರ. 2021ರ ಆಗಸ್ಟ್‌ನಲ್ಲಿ ಮೆಟ್ರೋ ಬಂತು. 2023ರ ಅಕ್ಟೋಬರ್‌ನಿಂದ ಕೆಂಗೇರಿಯಲ್ಲಿ ಹತ್ತಿದವನು ರೈಲು ಬದಲಿಸದೆ ವೈಟ್‌ಫೀಲ್ಡ್‌ನಲ್ಲಿ ಇಳಿಯಬಹುದು. ‘ಇದಕ್ಕಿಂತ ಒಳ್ಳೇ ಏರಿಯಾ ಬೇಕಾ ಸಾರ್’ ಅಂತಾನೆ ಮನೆ ದಲ್ಲಾಳಿ. ಅವನ ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಬಾಡಿಗೆ ಉಳಿಸಲು ದೂರ ಹೋದವನೇ ಟಿಕೆಟ್ಟಿಗೆ ಹೆಚ್ಚು ಸುರಿಯಬೇಕು. ನಮ್ಮ ತಾಯಂದಿರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಪುಕ್ಕಟೆ. ಮನೆಗೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗುವ ಹೆಂಗಸರು ಇರುವ ಮನೆಯವರು ಮೆಟ್ರೋ ಕಂಬ ನೋಡಿ ಅಡ್ವಾನ್ಸ್ ಕೊಡಬೇಡಿ. ಬಸ್ ಸ್ಟಾಪ್ ಎಷ್ಟು ಹೆಜ್ಜೆ, ಬೆಳಗಿನ ಮೊದಲ ಬಸ್ಸು ಎಷ್ಟೊತ್ತಿಗೆ, ರಾತ್ರಿ ಆ ದಾರಿಯಲ್ಲಿ ದೀಪ ಉರಿಯುತ್ತಾ, ಇದನ್ನು ನೋಡಿ.

ಆಮೇಲೆ ನೀರು ಎತ್ತ ಹರಿಯುತ್ತದೆ ಅಂತ ನೋಡಿ. ಕೆಂಗೇರಿ ಮಗ್ಗುಲಲ್ಲೇ ವೃಷಭಾವತಿ ಇದೆ. ಬೆಂಗಳೂರಿನ ಪಡುವಣ ಭಾಗದ ಕೊಳಚೆಯನ್ನೂ ಕಾರ್ಖಾನೆಗಳ ಕಶ್ಮಲವನ್ನೂ ಹೊತ್ತುಕೊಂಡು ಅದು ಬಿಡದಿ ಹತ್ತಿರದ ಭೈರಮಂಗಲ ಕೆರೆಗೆ ಹೋಗುತ್ತದೆ. ಅಲ್ಲಿಂದ ಅರ್ಕಾವತಿಗೆ, ಅರ್ಕಾವತಿಯಿಂದ ಕಾವೇರಿಗೆ. ಊರಿನ ಬಚ್ಚಲು ನೀರನ್ನು ಕೇರಿ ಕಡೆ ತಿರುಗಿಸಿದ ಬುದ್ಧಿಯೇ ಒಂದು ನದಿಯನ್ನೂ ಹೀಗೆ ಮಾಡಿದ್ದು. ಮೋರಿ ಹತ್ತಿರ ಬಾಡಿಗೆ ಯಾಕೆ ಕಡಿಮೆ, ಆ ಕಡಿಮೆ ಬಾಡಿಗೆ ಮನೆಗೆ ಯಾರು ಹೋಗಿ ಸೇರುತ್ತಾರೆ ಅನ್ನೋದನ್ನು ನಿಮಗೆ ಬಿಡಿಸಿ ಹೇಳಬೇಕೇ?

ಆದರೂ ಇವೆಲ್ಲ ದುಡ್ಡಿನ ಕಷ್ಟ, ಮೂಗಿನ ಕಷ್ಟ. ಬಡವರೆಲ್ಲರಿಗೂ ಇರುವಂಥವು. ನಮಗಷ್ಟೇ ಇರುವ ಕಷ್ಟ ಗೇಟಿನ ಹತ್ತಿರ ಶುರುವಾಗುತ್ತದೆ.

‘ಯಾವ ಊರು?’ ಅಂತಾರೆ ಮಾಲೀಕರು. ಹೇಳುತ್ತೀವಿ. ‘ಊರಲ್ಲಿ ಯಾವ ಬೀದಿ?’ ಹೇಳುತ್ತೀವಿ. ‘ಮನೆದೇವರು ಯಾವುದು? ನಾನ್‌ವೆಜ್ ತಿಂತೀರಾ?’ ಜಾತಿ ಅನ್ನುವ ಪದ ಒಂದು ಸಲವೂ ಬಾಯಿಗೆ ಬರುವುದಿಲ್ಲ. ಕೊನೆಗೆ ಒಂದೇ ಮಾತು: ‘ಅಯ್ಯೋ, ನಿನ್ನೆ ತಾನೇ ಬೇರೆಯವರು ಅಡ್ವಾನ್ಸ್ ಕೊಟ್ಟು ಹೋದರಲ್ಲಾ.’ ಮುಂದಿನ ವಾರವೂ ಟು-ಲೆಟ್ ಬೋರ್ಡು ಅದೇ ಗೇಟಿನಲ್ಲಿ ತೂಗಾಡುತ್ತಿರುತ್ತದೆ. ಇದು ಕೆಂಗೇರಿಯ ಒಂದು ಬೀದಿಯ ಕತೆಯಲ್ಲ. ಯಲಹಂಕದಲ್ಲಿ, ಮೈಸೂರಿನಲ್ಲಿ ಮನೆ ಹುಡುಕಿದ ನಮ್ಮವರೂ ಇದನ್ನೇ ಹೇಳುತ್ತಾರೆ. ಸುಖದೇವ್ ಥೋರಟ್ ಮತ್ತವರ ಸಂಗಡಿಗರು ದೆಹಲಿಯಲ್ಲೂ ಅದರ ಸುತ್ತಲ ನೋಯ್ಡಾ, ಗುರುಗಾಂವ್‌ಗಳಂಥ ಉಪನಗರಗಳಲ್ಲೂ ಇದನ್ನು ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. ಮೇಲುಜಾತಿಯ ಹೆಸರಿಗೆ ತೆರೆದ ಬಾಗಿಲು ದಲಿತ ಹೆಸರಿಗೆ, ಮುಸ್ಲಿಂ ಹೆಸರಿಗೆ ಹಾಗೆ ತೆರೆಯಲಿಲ್ಲ.

ನೂರು ವರ್ಷದ ಹಿಂದಿನದೂ ಇದೇ ಬಾಗಿಲು. ಕೊಲಂಬಿಯಾದಲ್ಲಿ ಓದಿ ಬಂದ ಬಾಬಾಸಾಹೇಬರಿಗೆ 1917ರಲ್ಲಿ ಬರೋಡದಲ್ಲಿ ಬಾಡಿಗೆಗೊಂದು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಇದ್ದರು. ಗುಟ್ಟು ರಟ್ಟಾದ ದಿನ ಕೋಲು ಹಿಡಿದು ಬಂದವರು ಅವರನ್ನು ಹೊರಗೆ ಹಾಕಿದರು. ಆದ್ದರಿಂದ ಇವತ್ತು ಯಾರಾದರೂ ಹೆಸರಿನ ಬಾಲ ಬದಲಿಸಿಕೊಂಡು, ಬಾಬಾಸಾಹೇಬರ ಪಟವನ್ನು ಬೀರುವಿನೊಳಗಿಟ್ಟು ಬದುಕುತ್ತಿದ್ದರೆ ಅವರನ್ನು ನಾವು ಹೀಯಾಳಿಸುವುದಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಬೀದಿಯಲ್ಲಿ ನಿಂತವರ ಸಂಕಟ ನಮಗೆ ಗೊತ್ತು. ಆದರೆ ಕೇಳಲೇಬೇಕಾದ ಮಾತು ಒಂದಿದೆ. ಮನೆಗೆ ಬಂದ ಅಪ್ಪ ಅವ್ವ ಮಾತಾಡಿದರೆ ಗುರುತು ಹತ್ತುತ್ತದೆ ಅಂತ ಅವರ ಬಾಯಿ ಮುಚ್ಚಿಸಬೇಕಾದ ಮನೆ ಎಷ್ಟು ಒಳ್ಳೆಯದಾದರೂ ಅದು ಮನೆಯೇ?

ಕಾನೂನು ಇಲ್ಲವೇ? ಇದೆ. 1955ರಲ್ಲಿ ಬಂದು, 1976ರಲ್ಲಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಅಂತ ಹೆಸರಾದದ್ದು. ಯಾವ ಬಡಾವಣೆಯಲ್ಲೇ ಆಗಲಿ, ವಾಸದ ಮನೆ ಕಟ್ಟುವುದಕ್ಕೆ, ಕೊಳ್ಳುವುದಕ್ಕೆ, ಅದರಲ್ಲಿ ಇರುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡಿದರೆ ಅದು ಅಪರಾಧ ಎಂದು ಅದರ ನಾಲ್ಕನೇ ಸೆಕ್ಷನ್ ಹೇಳುತ್ತದೆ. ಆದರೆ ‘ಅಡ್ವಾನ್ಸ್ ಕೊಟ್ಟು ಹೋದರು’ ಅನ್ನೋ ಮಾತಿಗೆ ಸಾಕ್ಷಿ ಎಲ್ಲಿಂದ ತರೋದು? ಕಾಯ್ದೆಗೆ ಕಣ್ಣಿದೆ. ಟು-ಲೆಟ್ ಬೋರ್ಡಿಗೆ ಮುಖವಾಡ ಇದೆ.

ಅದೇ ಬಡಾವಣೆಗಳಿಗೆ ನಾವು ಬೇಡವೆಂದೇನೂ ಇಲ್ಲ. ಬೆಳಗಾಗುವ ಮುಂಚೆ ರಸ್ತೆ ಗುಡಿಸಲು ಬೇಕು. ಅಪಾರ್ಟ್‌ಮೆಂಟಿನ ಮಲದ ಗುಂಡಿ ಕಟ್ಟಿಕೊಂಡರೆ ಇಳಿಯಲು ಬೇಕು. ಮನುಷ್ಯನನ್ನು ಹಾಗೆ ಇಳಿಸಬಾರದೆಂದು 2013ರ ಕಾಯ್ದೆ ಹೇಳುತ್ತದೆ. ಸತ್ತರೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರ್‌ನಲ್ಲಿ ಹೇಳಿತು. ಗುಂಡಿಗೆ ಇಳಿಯಲು ಕೇಳದ ‘ಯಾವ ಬೀದಿ’ ಎಂಬ ಪ್ರಶ್ನೆ ಮೆಟ್ಟಿಲು ಹತ್ತುವಾಗ ಯಾಕೆ ಬರುತ್ತದೆ? ಒಂದು ಊರು ಒಳ್ಳೆಯದೋ ಕೆಟ್ಟದೋ ಅಂತ ಅಳೆಯಲು ನಮ್ಮ ಕೋಲು ಇದು: ಆ ಊರನ್ನು ಚೊಕ್ಕಟ ಮಾಡುವವಳು ಅದೇ ಊರಲ್ಲಿ ತನ್ನ ಹೆಸರು ಹೇಳಿ ಒಂದು ಮನೆ ಹಿಡಿಯಬಲ್ಲಳೇ?

ಹಾಗಾದರೆ ವಾಪಸು ಹಳ್ಳಿಗೆ ಹೋಗಿ ಅನ್ನುತ್ತೀವಾ? ಖಂಡಿತಾ ಇಲ್ಲ. ಹಳ್ಳಿಯನ್ನು ಹೊಗಳಿ ಹಾಡುವವರ ಎದುರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯ ಬಣ್ಣ ಬಯಲು ಮಾಡಿದರು. ಉಪನಗರದಲ್ಲಿ ಬಸ್ಸಿನ ಸೀಟಿಗೆ ಜಾತಿ ಗೊತ್ತಿಲ್ಲ. ಹೋಟೆಲಿನ ಲೋಟಕ್ಕೆ ಗೊತ್ತಿಲ್ಲ. ಕೂಲಿಗೆ ಗೌಡರ ಬಾಗಿಲು ಕಾಯಬೇಕಾಗಿಲ್ಲ. ಇದು ಸಣ್ಣ ಗೆಲುವಲ್ಲ. ಆದ್ದರಿಂದ ನಮ್ಮ ಉತ್ತರ: ಹೋಗಿ. ಕೆಂಗೇರಿಗೂ ಹೋಗಿ, ಬಿಡದಿಗೂ ಹೋಗಿ. ಒಬ್ಬೊಬ್ಬರೇ ಹೋಗಿ ಗೇಟಿನ ಮುಂದೆ ತಲೆ ತಗ್ಗಿಸಿ ನಿಲ್ಲಬೇಡಿ, ಅಷ್ಟೇ.

ಮನೆ ಕೇಳಲು ಹೋಗುವಾಗ ಜೊತೆಗೊಬ್ಬ ಗೆಳೆಯನನ್ನು ಕರೆದುಕೊಂಡು ಹೋಗಿ. ಇಲ್ಲ ಅಂದ ದಿನ, ಹೊತ್ತು, ಆಡಿದ ಮಾತು ಬರೆದಿಟ್ಟುಕೊಳ್ಳಿ. ಬೋರ್ಡು ಹಾಗೇ ಇದ್ದರೆ ಅದರ ಫೋಟೋ ತೆಗೆಯಿರಿ. ಸಾಕ್ಷಿ ಹುಟ್ಟುವುದು ಹೀಗೆ. ಬಿಡಿಎ ನಿವೇಶನಗಳಲ್ಲಿ ಪರಿಶಿಷ್ಟರಿಗೆ ಮೀಸಲು ಪಾಲಿದೆ. ಅರ್ಜಿ ಕರೆದಾಗ ಯಾರೋ ಹೇಳಲಿ ಅಂತ ಕಾಯಬೇಡಿ.

ಇನ್ನು ಕಹಿ ಮಾತು. ಇದೇ ಉಪನಗರಗಳಲ್ಲಿ ಸೈಟು ಕೊಂಡು ಎರಡಂತಸ್ತು ಕಟ್ಟಿದ ನಮ್ಮವರೂ ಇದ್ದಾರೆ. ಅವರ ಗೇಟಿನಲ್ಲೂ ಟು-ಲೆಟ್ ಬೋರ್ಡಿದೆ. ‘ನಮ್ಮೋರಿಗೇ ಕೊಟ್ಟರೆ ಬೀದಿಯವರಿಗೆ ನಾವು ಯಾರು ಅಂತ ಗೊತ್ತಾಗಿಬಿಡುತ್ತೆ’ ಎಂದು ಹೆದರುವವರು ಅವರಲ್ಲಿದ್ದಾರೆ. ಹೊಲೆಯರೋ ಮಾದಿಗರೋ ಎಂದು ವಿಚಾರಿಸಿ ಆಮೇಲೆ ಬೀಗದಕೈ ತೆಗೆಯುವವರೂ ಇದ್ದಾರೆ. ಅಣ್ಣಾ, ನೀವು ಏರಿ ಬಂದ ಏಣಿಗೆ ಕೇರಿಯ ಎಷ್ಟು ಹೆಗಲು ಆಸರೆ ಕೊಟ್ಟವು ಅಂತ ಒಮ್ಮೆ ಎಣಿಸಿ ನೋಡಿ. ಮುಂದಿನ ಸಭೆಗೆ ಬರುವಾಗ ನಿಮ್ಮಲ್ಲಿ ಖಾಲಿ ಇರುವ ಮನೆಯ ವಿಳಾಸ ತನ್ನಿ. ಮನೆ ಬೇಕಾದವರ ಪಟ್ಟಿ ನಾವು ತರುತ್ತೇವೆ. ಎರಡೂ ಪಟ್ಟಿ ಎದುರಾಬದುರಾ ಕೂತರೆ ಆ ದಿನ ನಾಲ್ಕು ಸಂಸಾರ ಸೂರಿನಡಿ ಸೇರಬಹುದು.

ಒಳ್ಳೇ ಊರು ಎಲ್ಲಿದೆ ಎಂದು ಕೇಳುವುದು ತಪ್ಪಲ್ಲ. ಅದು ಕಟ್ಟಿ ಇಟ್ಟಂತೆ ನಮಗೆ ಸಿಕ್ಕಿಲ್ಲ, ಸಿಗುವುದೂ ಇಲ್ಲ. ಬಾಡಿಗೆ ಕೊಟ್ಟು ಹಿಡಿದ ಮನೆಯ ಗೋಡೆಗೆ ಬಾಬಾಸಾಹೇಬರ ಪಟ ಹೊಡೆಯುವ ಒಂದು ಮೊಳೆಯಿಂದ ಅದು ಶುರುವಾಗಬೇಕು.

ಜೈಭೀಮ್.